ಕರಿನೀರು ದಾಟಿಹೋದ ಕಿರಿಯರು

ವಾಸ್ಕೋದಲ್ಲಿ ನೆಲೆಸಿರುವ ನಾವು ದಿನಕ್ಕೆ ಎಷ್ಟು ಬಾರಿ ಆ ನಾವಿಕನ ಹೆಸರನ್ನು ಉಚ್ಚರಿಸುತ್ತೇವೆಂದು ಲೆಕ್ಕವಿಟ್ಟವರಿಲ್ಲ. ಬಸ್ಸಿನ ಫಲಕದ ಮೇಲೆ, ರೈಲು ನಿಲ್ದಾಣದ ಹಳದಿ ಹಲಗೆಯ ಮೇಲೆ, ಊರಿಗೆ ಬರೆಯುವ ಕಾಗದದ ತಲೆಯಲ್ಲಿ ಎಲ್ಲೆಲ್ಲಿಯೂ ಅವನದೇ ಹೆಸರು. 1498ರ ಮೇ 20ರಂದು ವಾಸ್ಕೋ ಡ ಗಾಮಾನ ಹಡಗುಗಳು ಕಲ್ಲಿಕೋಟೆಯ ಸಮೀಪ ಲಂಗರು ಇಳಿಸಿದುವೆಂಬುದನ್ನು ಶಾಲೆಗೆ ಹೋದ ಮಕ್ಕಳೆಲ್ಲರೂ ಬಲ್ಲರು. ಆದರೆ ಆ ಹಡಗುಗಳಿಂದ ಮೊಟ್ಟಮೊದಲು ದಡಕ್ಕೆ ಹೋದವನು ಗಾಮಾ ಅಲ್ಲವೆಂಬುದನ್ನು ಬಲ್ಲವರು ವಿರಳ.

ಮೊದಲು ದಡಕ್ಕೆ ಕಳುಹಿಸಲ್ಪಟ್ಟವನು ಒಬ್ಬ ಕೈದಿ. ಅವನ ಹೆಸರು ಜುವಾಂವ್ ನುನಿಸ್ ಎಂದು ಚರಿತ್ರಕಾರರು ಹೇಳುತ್ತಾರೆ. ಸೆರೆಮನೆಯಲ್ಲಿದ್ದ ಅಪರಾಧಿಗಳನ್ನು ಹಡಗಿಗೆ ಹತ್ತಿಸಿ, ಅಪರಿಚಿತವಾದ ಅಪಾಯದ ನೆಲ ಎದುರಾದಾಗ ಅವರನ್ನು ಮೊದಲು ಇಳಿಸಿ ನೋಡುವುದು ಆ ಕಾಲದ ಪೋರ್ಚುಗೀಸರ ಪದ್ಧತಿಯಾಗಿತ್ತು. ಬದುಕಿ ಬಂದರೆ ಸುದ್ದಿ ತರುತ್ತಾನೆ. ಸತ್ತರೆ ನಷ್ಟವೇನಿಲ್ಲ ಎಂಬ ಲೆಕ್ಕಾಚಾರ. ನುನಿಸ್ ಬದುಕಿ ಬಂದನು. ಟ್ಯೂನಿಸ್ ಕಡೆಯ ಇಬ್ಬರು ವರ್ತಕರು ದಡದಲ್ಲಿ ಅವನನ್ನು ಕಂಡು, ಅವನಿಗೆ ತಿಳಿಯುವ ಸ್ಪೇನಿನ ಭಾಷೆಯಲ್ಲಿಯೇ ಮಾತನಾಡಿಸಿದರು. ನಾಯಕನ ಹೆಸರು ಊರಿಗೆ ನಿಂತಿತು. ಕೈದಿಯ ಹೆಸರು ಪುಸ್ತಕದ ಒಂದು ಸಾಲಿನಲ್ಲಿ ಉಳಿಯಿತು.

ಈ ಸಂಗತಿಯನ್ನು ಇಲ್ಲಿ ನೆನೆಯಲು ಕಾರಣವಿದೆ. ಸಮುದ್ರದಾಚೆಗೆ ಅಟ್ಟಲ್ಪಟ್ಟ ಅಪರಾಧಿಗಳ ಕಥೆ ನಮಗೆ ದೂರದ ಕಥೆಯಲ್ಲ. ಅದು ನಾವು ನಿತ್ಯ ಹೆಸರಿಸುವ ಊರಿನ ಹೊಸ್ತಿಲಿನಲ್ಲಿಯೇ ಇದೆ. ಅಂಥವರಲ್ಲಿ ಮೀಸೆ ಮೂಡದ ಹುಡುಗರೂ, ಮೈನೆರೆಯದ ಬಾಲೆಯರೂ ಇದ್ದರು. ಒಂದು ತುಂಡು ಬಟ್ಟೆಗಾಗಿ ಜನ್ಮಭೂಮಿಯನ್ನೇ ಕಳೆದುಕೊಂಡ ಅಂಥ ಕಿರಿಯರನ್ನು ಅವರ ವಂಶಜರು ಹುಡುಕಿ ತೆಗೆಯುವ ಬಗೆಯನ್ನೂ, ನಮ್ಮ ಮನೆಗಳಲ್ಲಿ ಅಂಥದೊಂದು ಹುಡುಕಾಟ ನಡೆಯಬೇಕಾದರೆ ಅದು ಹೇಗಿರಬೇಕೆಂಬುದನ್ನೂ ಈ ತಿಂಗಳು ವಾಚಕರ ಮುಂದಿಡಬಯಸುತ್ತೇವೆ.

ಮನೆಯೊಳಗಿನ ಮೌನ

ಒಂದು ಮನೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ. ಅದು ಬೈನಾದಲ್ಲಿರಬಹುದು, ಮಂಗೋರ ಗುಡ್ಡದಲ್ಲಿರಬಹುದು, ಸಡಾದಲ್ಲಿರಬಹುದು. ಅಜ್ಜ ಗದಗಿನ ಕಡೆಯಿಂದಲೋ, ಬಾಗಲಕೋಟೆಯ ಕಡೆಯಿಂದಲೋ ಬಂದರಿನ ಕೆಲಸಕ್ಕೆಂದು ಬಂದವನು. ಮೊಮ್ಮಗಳು ಇಲ್ಲಿಯೇ ಹುಟ್ಟಿದವಳು. ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಕೊಂಕಣಿ ಹಿಂದಿ, ಮನೆಯಲ್ಲಿ ಕನ್ನಡ. ಶಾಲೆಯಲ್ಲಿ ವಂಶವೃಕ್ಷವನ್ನು ಬರೆದುಕೊಂಡು ಬರಲು ಹೇಳಿದ್ದಾರೆ. ಹುಡುಗಿ ಅಜ್ಜಿಯನ್ನು ಕೇಳುತ್ತಾಳೆ: “ಅಮ್ಮಾ, ನಿಮ್ಮ ಮುತ್ತ್ಯಾಗ ಎಷ್ಟು ಮಂದಿ ಅಣ್ತಮ್ಮರು?” ಅಜ್ಜಿ ನಾಲ್ಕು ಹೆಸರು ಹೇಳಿ ಐದನೆಯದಕ್ಕೆ ತಡೆಯುತ್ತಾಳೆ. “ಒಬ್ಬಾಂವ ಇದ್ದನಂತ. ಸಣ್ಣಾಂವ ಇದ್ದಾಗನ ಕರಿನೀರಿಗೆ ಹಾಕಿದ್ರಂತ. ಅವನ ಹೆಸರ್ಯಾಕ ಬೇಕು ಬಿಡವಾ.”

ಇಂಥ ತಡವರಿಕೆಯ ಹಿಂದಿರುವುದು ಕೇವಲ ಮರೆವಲ್ಲ, ಅದು ಲಜ್ಜೆ. ಸ್ವಾತಂತ್ರ್ಯಕ್ಕಾಗಿ ಗಡಿಪಾರಾದವರನ್ನು ನಾವು ಹೆಮ್ಮೆಯಿಂದ ಸ್ಮರಿಸುತ್ತೇವೆ. ಗೋವೆಯ ಟಿ. ಬಿ. ಕುನ್ಹಾ ಅವರನ್ನೂ, ಡಾ. ರಾಮ ಹೆಗಡೆ, ಪುರುಷೋತ್ತಮ ಕಾಕೋಡಕರ ಮೊದಲಾದವರನ್ನೂ 1946ರ ಚಳವಳಿಯ ತರುವಾಯ ಪೋರ್ಚುಗೀಸ್ ಸರಕಾರವು ಸಮುದ್ರ ದಾಟಿಸಿ ಪೋರ್ಚುಗಲ್ಲಿಗೆ ಕಳುಹಿಸಿತು. ಅವರ ಮನೆಯವರು ತಲೆಯೆತ್ತಿ ಆ ಮಾತನ್ನು ಹೇಳುತ್ತಾರೆ, ಹೇಳಬೇಕಾದುದೇ. ಆದರೆ ಹಸಿವಿಗೋ, ಹುಡುಗುತನದ ಆಶೆಗೋ ಒಂದು ಅಂಗಿಯನ್ನು ಕದ್ದು ಅದೇ ಸಮುದ್ರವನ್ನು ದಾಟಿದವನ ಹೆಸರನ್ನು ಮನೆಯವರೇ ಅಳಿಸಿಬಿಡುತ್ತಾರೆ. ಸರಕಾರ ಒಮ್ಮೆ ದಂಡಿಸಿತು. ಬಂಧುಗಳು ತಲೆತಲಾಂತರಕ್ಕೂ ದಂಡಿಸಿದರು.

ನಮ್ಮಂತಹ ವಲಸೆಯ ಸಂಸಾರಗಳಿಗೆ ಈ ಲಜ್ಜೆ ಇನ್ನಷ್ಟು ಭಾರವಾದುದು. ಪರಸ್ಥಳದಲ್ಲಿ ಎಲ್ಲಿಯಾದರೂ ಒಂದು ಕಳವಾದರೆ ಕೂಲಿಕಾರರ ಓಣಿಯ ಹುಡುಗರತ್ತ ಮೊದಲು ಹೊರಳುವ ಕಣ್ಣುಗಳನ್ನು ನಾವು ಕಂಡಿದ್ದೇವೆ. ಹೀಗಿರುವಾಗ “ನಮ್ಮ ವಂಶದಲ್ಲಿ ಒಬ್ಬ ಕದ್ದವನಿದ್ದ” ಎಂದು ಯಾರು ತಾನೆ ಬಾಯಿಬಿಟ್ಟಾರು? ಆದುದರಿಂದ ಇಂಥ ಲಜ್ಜೆಯನ್ನು ಮೀರಿದ ಒಂದು ವಂಶದ ಕಥೆಯನ್ನು ಮೊದಲು ಹೇಳುವುದು ಉಚಿತ. ಅದು ಇಂಗ್ಲೆಂಡಿನಲ್ಲಿ ಆರಂಭವಾಗಿ ಆಸ್ಟ್ರೇಲಿಯಾದಲ್ಲಿ ಮುಂದುವರಿದ ಕಥೆ.

ಮೇರಿ ವೇಡ್ ಎಂಬ ಬಾಲೆ

1788ರ ಲಂಡನ್ ನಗರ. ಬೀದಿ ಗುಡಿಸಿ, ದಾರಿಹೋಕರಲ್ಲಿ ಕಾಸು ಬೇಡಿ ಹೊಟ್ಟೆ ಹೊರೆಯುತ್ತಿದ್ದ ಬಡ ಹುಡುಗಿ ಮೇರಿ ವೇಡ್. ಆಗ ಆಕೆಗೆ ಸುಮಾರು ಹನ್ನೊಂದು ವರ್ಷವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ವರ್ಷದ ಅಕ್ಟೋಬರ 5ರಂದು ಆಕೆಯೂ, ಹದಿನಾಲ್ಕು ವರ್ಷದ ಜೇನ್ ವೈಟಿಂಗ್ ಎಂಬ ಗೆಳತಿಯೂ ಸೇರಿ, ಬಾಟಲಿಯಲ್ಲಿ ನೀರು ತುಂಬಿಕೊಳ್ಳಲು ಬಂದಿದ್ದ ಎಂಟು ವರ್ಷದ ಮಗುವೊಂದನ್ನು ಮರೆಗೆ ಕರೆದೊಯ್ದು, ಅದರ ಮೈಮೇಲಿನ ಹತ್ತಿಯ ಅಂಗಿ, ಹೆಗಲ ವಸ್ತ್ರ, ತಲೆಯ ಟೊಪ್ಪಿಗೆಗಳನ್ನು ಕಳಚಿಕೊಂಡರು. ಅಂಗಿ ಗಿರವಿ ಅಂಗಡಿಯನ್ನು ಸೇರಿತು. ಹೆಗಲ ವಸ್ತ್ರ ಮೇರಿಯ ಕೋಣೆಯಲ್ಲಿ ಸಿಕ್ಕಿತು. ಅಷ್ಟರಿಂದಲೇ ಆಕೆಯ ಬಾಳು ತಿರುಗಿತು.

1789ರ ಜನವರಿ 14ರಂದು ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಇಬ್ಬರು ಹುಡುಗಿಯರ ವಿಚಾರಣೆ ನಡೆಯಿತು. ದಾರಿಯಲ್ಲಿ ಮಗುವಿನ ಮೈಯ ಬಟ್ಟೆಯನ್ನು ಸುಲಿದದ್ದು ಕೇವಲ ಕಳವಲ್ಲ, ಸುಲಿಗೆ ಎಂದು ಆಗಿನ ಕಾನೂನು ಎಣಿಸಿತು. ತೀರ್ಪು: ಗಲ್ಲು! ಆ ಮಗುವನ್ನು ಶೌಚದ ಗುಂಡಿಗೆ ನೂಕಿಬಿಡಬೇಕಾಗಿತ್ತೆಂದು ಮೇರಿ ಆಡಿದಳೆನ್ನಲಾದ ಕ್ರೂರವಾದ ಮಾತೂ ಸಾಕ್ಷಿಯ ಬಾಯಿಂದ ದಾಖಲೆಗೆ ಬಂದಿದೆ. ವಂಶಜರು ಈ ಮಾತನ್ನೂ ಓದಬೇಕು. ಪೂರ್ವಜರನ್ನು ಹುಡುಕಹೊರಟವರಿಗೆ ಮುತ್ತು ಮಾತ್ರ ಸಿಕ್ಕೀತೆಂಬ ಭರವಸೆಯಿಲ್ಲ. ಚಿಪ್ಪು, ಕೆಸರು ಎಲ್ಲವೂ ಬಲೆಗೆ ಬೀಳುತ್ತವೆ.

ಆ ವೇಳೆಗೆ ಮೂರನೆಯ ಜಾರ್ಜ್ ದೊರೆ ಚಿತ್ತಭ್ರಮೆಗೊಳಗಾಗಿದ್ದನು. 1789ರ ಮಾರ್ಚ್ 11ರಂದು ದೊರೆ ಗುಣಮುಖನಾದನೆಂದು ಸಾರಲಾಯಿತು. ಆ ಸಂತೋಷದಲ್ಲಿ, ಗಲ್ಲಿಗಾಗಿ ಕಾಯುತ್ತಿದ್ದ ಹೆಂಗಸರ ಶಿಕ್ಷೆಯನ್ನು ದ್ವೀಪಾಂತರಕ್ಕೆ ಇಳಿಸಲಾಯಿತು. ಒಬ್ಬ ಅರಸನ ತಲೆ ನೆಟ್ಟಗಾದುದರಿಂದ ಒಬ್ಬ ಬಾಲೆಯ ಕೊರಳು ಉಳಿಯಿತೆಂದರೆ ತಪ್ಪಾಗದು. ಇನ್ನೂರಕ್ಕೂ ಹೆಚ್ಚು ಹೆಂಗಸರೊಡನೆ ‘ಲೇಡಿ ಜೂಲಿಯಾನಾ’ ಎಂಬ ಹಡಗಿನಲ್ಲಿ ಹೊರಟ ಮೇರಿ, ಹತ್ತು ತಿಂಗಳಿಗೂ ಮಿಕ್ಕ ಪ್ರಯಾಣದ ಬಳಿಕ 1790ರ ಜೂನ್ ತಿಂಗಳ ಆರಂಭದಲ್ಲಿ ಸಿಡ್ನಿಯನ್ನು ಮುಟ್ಟಿದಳು. ಆ ಹಡಗಿನ ಕೈದಿಗಳಲ್ಲಿ ಅತ್ಯಂತ ಕಿರಿಯಳು ಆಕೆಯೇ ಎನ್ನುತ್ತಾರೆ. ಅಲ್ಲಿಂದ ಆಕೆಯನ್ನು ಇನ್ನೂ ದೂರದ ನಾರ್ಫೋಕ್ ದ್ವೀಪಕ್ಕೆ ಕಳುಹಿಸಲಾಯಿತು.

ಮುಂದಿನದು ದುಡಿಮೆಯ ಕಥೆ. ದ್ವೀಪದಿಂದ ಮರಳಿ ಬಂದ ಮೇರಿ, ತನ್ನಂತೆಯೇ ಕೈದಿಯಾಗಿ ಬಂದಿದ್ದ ಜೊನಾಥನ್ ಬ್ರೂಕರ್ ಎಂಬವನೊಡನೆ ಸಂಸಾರ ಹೂಡಿದಳು. 1817ರಲ್ಲಿ ಮದುವೆಯೂ ಆಯಿತು. ಬೇಸಾಯಕ್ಕೆ ನೆಲ ದೊರೆಯಿತು. 1823ರ ಕಾಡುಗಿಚ್ಚಿನಲ್ಲಿ ಇದ್ದುದೆಲ್ಲ ಸುಟ್ಟುಹೋದಾಗ ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಆಕೆ 21 ಮಕ್ಕಳನ್ನು ಹೆತ್ತಳೆಂದು ಪ್ರತೀತಿ. 1859ರಲ್ಲಿ ಸಿಡ್ನಿಯ ದಕ್ಷಿಣಕ್ಕಿರುವ ವೊಲಾಂಗಾಂಗ್ ಪ್ರದೇಶದಲ್ಲಿ ಆಕೆ ತೀರಿಕೊಂಡಾಗ ಜೀವಂತವಿದ್ದ ಸಂತತಿಯವರ ಸಂಖ್ಯೆ ಮುನ್ನೂರನ್ನು ಮೀರಿತ್ತು. ಗಲ್ಲಿಗೇರಬೇಕಾಗಿದ್ದ ಹುಡುಗಿಯಿಂದ ಒಂದು ಊರೇ ಹುಟ್ಟಿತು!

1788ರಿಂದ 1868ರವರೆಗಿನ ಎಂಬತ್ತು ವರ್ಷಗಳಲ್ಲಿ ಹೀಗೆ ಆಸ್ಟ್ರೇಲಿಯಾಕ್ಕೆ ಹೋದ ಕೈದಿಗಳು ಸುಮಾರು 1,62,000. ಅವರ ಮಕ್ಕಳು ಮೊಮ್ಮಕ್ಕಳು ಬಹುಕಾಲ ಈ ಸಂಗತಿಯನ್ನು ಮುಚ್ಚಿಟ್ಟರು. ‘ಕೈದಿಯ ಕಲೆ’ ಎಂದು ಅದನ್ನು ಕರೆಯುತ್ತಿದ್ದರು. ಬಟ್ಟೆಗೆ ಹತ್ತಿದ ಕಲೆಯಂತೆ ತೊಳೆದರೂ ಹೋಗದು ಎಂಬ ಭಾವನೆ. ಕಾಲಾನಂತರ ಆ ಭಾವನೆ ತಿರುಗಿತು. 2007ರಲ್ಲಿ ಆಸ್ಟ್ರೇಲಿಯಾದ ಪ್ರಧಾನಮಂತ್ರಿಯಾದ ಕೆವಿನ್ ರಡ್ ಮೇರಿ ವೇಡಳ ವಂಶದವರು. ಅವರ ತಂದೆಯ ಕಡೆಯ ಪೂರ್ವಜ ಥಾಮಸ್ ರಡ್ ಎಂಬವನೂ ಒಂದು ಚೀಲ ಸಕ್ಕರೆ ಕದ್ದುದಕ್ಕಾಗಿ ಗಡಿಪಾರಾದವನು. ಇದನ್ನು ಅವರು ಬಚ್ಚಿಡಲಿಲ್ಲ; ಅದರಿಂದ ಅವರ ಘನತೆ ಕುಂದಲೂ ಇಲ್ಲ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಇನ್ನೊಂದಿದೆ. ಮೇರಿಯ ಬಗೆಗೆ ಇಷ್ಟು ವಿವರ ನಮಗೆ ದೊರೆತುದು ಹೇಗೆ? ಆಕೆ ಕದ್ದಳೆಂಬ ಕಾರಣದಿಂದಲೇ! ಓಲ್ಡ್ ಬೇಲಿಯ ಕಲಾಪಗಳನ್ನು 1674ರಿಂದ 1913ರವರೆಗೆ ಅಚ್ಚು ಹಾಕಿಡಲಾಗಿದೆ. ಅಂದಿನ ಲಂಡನ್ನಿನಲ್ಲಿ ಬೀದಿ ಗುಡಿಸುತ್ತಿದ್ದ ಹುಡುಗಿಯರು ಅವೆಷ್ಟು ಮಂದಿಯೋ! ಯಾವ ಕೋರ್ಟನ್ನೂ ಹತ್ತದೆ ಬಾಳಿ ಸತ್ತವರ ಒಂದು ಮಾತೂ ಉಳಿದಿಲ್ಲ. ಬಡವನನ್ನು ಸರಕಾರ ಕಣ್ಣಿಟ್ಟು ನೋಡುವುದು ಅವನನ್ನು ದಂಡಿಸುವಾಗ. ಹಾಗೆ ನೋಡಿ ಬರೆದಿಟ್ಟ ಕಾಗದವೇ ಮುಂದೆ ವಂಶಜರಿಗೆ ದಾರಿದೀಪವಾಗುತ್ತದೆ.

ನಮ್ಮ ಕಡೆಯಿಂದ ಹೋದವರು

ಇಂಗ್ಲೆಂಡು ತನ್ನ ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಸಾಗಿಸುತ್ತಿದ್ದ ಕಾಲದಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಯು ನಮ್ಮ ದೇಶದ ಕೈದಿಗಳನ್ನು ತನ್ನ ದ್ವೀಪಗಳಿಗೆ ಸಾಗಿಸುತ್ತಿತ್ತು. ಸುಮಾತ್ರಾದ ಬೆಂಕೂಲೆನ್, ಮಲಯದ ಪಿನಾಂಗ್ ಮತ್ತು ಮಲಾಕ್ಕಾ, 1815ರಿಂದ 1837ರವರೆಗೆ ಮಾರಿಷಸ್, 1825ರಿಂದ ಸಿಂಗಾಪುರ, 1858ರಿಂದ ಅಂಡಮಾನ್ ಇವೇ ಆ ಸ್ಥಳಗಳು. ಇದಕ್ಕೆ ಕನ್ನಡದಲ್ಲಿ ‘ದ್ವೀಪಾಂತರ ಶಿಕ್ಷೆ’ ಎಂಬ ಗ್ರಾಂಥಿಕ ಹೆಸರಿದ್ದರೂ ಜನರ ಬಾಯಲ್ಲಿ ನಿಂತುದು ‘ಕರಿನೀರು’. ಸಮುದ್ರ ದಾಟಿದವನಿಗೆ ಜಾತಿಯೂ ಇಲ್ಲ, ಮನೆಯೂ ಇಲ್ಲ ಎಂಬ ಭೀತಿ ಆ ಒಂದು ಶಬ್ದದಲ್ಲಿ ಅಡಗಿದೆ.

ಮಾರಿಷಸ್ಸಿಗೆ ಬಂಗಾಳ ಮತ್ತು ಮುಂಬಯಿ ಪ್ರಾಂತಗಳಿಂದ ಸುಮಾರು 1,500 ಕೈದಿಗಳು ಹೋದರು. ಧಾರವಾಡ, ಬೆಳಗಾವಿಯ ಸೀಮೆ 1818ರಿಂದ ಕಂಪನಿಯ ಕೈಗೆ ಬಂದು, ಮುಂದೆ ಮುಂಬಯಿ ಪ್ರಾಂತದ ಭಾಗವಾಗಿದ್ದುದನ್ನು ಇಲ್ಲಿ ನೆನೆಯಬೇಕು. ಆ ಕೈದಿಗಳು ಮಾರಿಷಸ್ಸಿನಲ್ಲಿ ರಸ್ತೆ ಕಡಿದರು, ಸೇತುವೆ ಕಟ್ಟಿದರು. 1836ರಲ್ಲಿ ಅಲ್ಲಿಗೆ ಬಂದಿದ್ದ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ಸುಮಾರು 800 ಮಂದಿ ಭಾರತೀಯ ಕೈದಿಗಳು ಅಲ್ಲಿರುವರೆಂದು ಬರೆದು, ಅವರ ಗಂಭೀರವಾದ ಮುಖಭಾವವನ್ನು ಮೆಚ್ಚಿಕೊಂಡಿದ್ದಾನೆ. ಸಿಂಗಾಪುರದ ಸಂತ ಆಂಡ್ರ್ಯೂ ಚರ್ಚು, ಇಂದು ಆ ದೇಶದ ಅಧ್ಯಕ್ಷರ ನಿವಾಸವಾಗಿರುವ ಭವನ ಇವೆರಡೂ ಭಾರತೀಯ ಕೈದಿಗಳ ಬೆವರಿನಿಂದ ಎದ್ದ ಕಟ್ಟಡಗಳು. 1873ರಲ್ಲಿ ಸಿಂಗಾಪುರದ ಕೈದಿವಾಸ ಮುಚ್ಚಿತು; ಅಂಡಮಾನ್ ಉಳಿಯಿತು. 1858ರಿಂದ ಎರಡನೆಯ ಮಹಾಯುದ್ಧದ ಹೊಸ್ತಿಲಿನವರೆಗೆ ಅಲ್ಲಿಗೆ ಹೋದ ಕೈದಿಗಳು ಸುಮಾರು 80,000. ಸೆಲ್ಯುಲರ್ ಜೈಲು ಕಟ್ಟಿ ಮುಗಿದುದು 1906ರಲ್ಲಿ. ಅದಕ್ಕೆ ಮುಂಚೆಯೇ ಅರ್ಧ ಶತಮಾನದ ಕೈದಿಗಳ ಬಾಳು ಅಲ್ಲಿ ಸವೆದಿತ್ತು.

ಸಣ್ಣ ಕಳವಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ವಾಚಕರು ಕೇಳಬಹುದು. ಅಂಡಮಾನಿಗೆ ಹೋದವರಲ್ಲಿ ಕೊಲೆ, ದರೋಡೆಗಳ ಅಪರಾಧಿಗಳೇ ಹೆಚ್ಚೆಂಬುದು ನಿಜ. ಆದರೆ ಸಣ್ಣ ಕಳ್ಳನಿಗೂ ಬಾಗಿಲು ತೆರೆದಿತ್ತು. 1862ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯಲ್ಲಿ ಸಾಮಾನ್ಯ ಕಳವಿಗೆ ಮೂರು ವರ್ಷದವರೆಗೆ, ಮನೆಯೊಳಗಿನ ಕಳವಿಗೆ ಏಳು ವರ್ಷದವರೆಗೆ ಸೆರೆವಾಸವಿತ್ತು. ಒಮ್ಮೆ ಶಿಕ್ಷೆಯಾದವನು ಮತ್ತೆ ಅಂಥದೇ ಅಪರಾಧ ಮಾಡಿದರೆ 75ನೆಯ ಕಲಮಿನ ಪ್ರಕಾರ ಆಜನ್ಮ ದ್ವೀಪಾಂತರವನ್ನೂ ವಿಧಿಸಬಹುದಾಗಿತ್ತು. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಸೆರೆವಾಸಕ್ಕೆ ಬದಲಾಗಿ ದ್ವೀಪಾಂತರ ವಿಧಿಸಲು 59ನೆಯ ಕಲಮು ಅವಕಾಶ ಕೊಡುತ್ತಿತ್ತು. ಏಳು ವರ್ಷದೊಳಗಿನ ಮಗುವಿಗೆ ಮಾತ್ರ ಪೂರ್ಣ ವಿನಾಯಿತಿ. ಏಳರಿಂದ ಹನ್ನೆರಡರವರೆಗಿನವರ ವಿಷಯದಲ್ಲಿ ಅವರ ತಿಳಿವಳಿಕೆಯನ್ನು ನೋಡಿ ನ್ಯಾಯಾಧೀಶರು ನಿರ್ಧರಿಸಬೇಕು. ಹನ್ನೆರಡು ತುಂಬಿದ ಹುಡುಗನು ಕಾನೂನಿನ ಕಣ್ಣಿಗೆ ದೊಡ್ಡವನೇ. ಬಾಲಾಪರಾಧಿಗಳನ್ನು ಜೈಲಿನ ಬದಲು ಸುಧಾರಣಾ ಶಾಲೆಗೆ ಕಳುಹಿಸುವ ಕಾಯಿದೆ ಬಂದುದು 1876ರಲ್ಲಿ.

ಎರಡು ಪುಸ್ತಕಗಳು

ಹೀಗೆ ಹೋದವನನ್ನು ಸರಕಾರ ಹೇಗೆ ಬರೆದಿಟ್ಟಿತು? ಹೆಸರು, ತಂದೆಯ ಹೆಸರು, ಜಾತಿ, ವಯಸ್ಸು, ಕಸುಬು, ಊರು, ಎತ್ತರ, ಮೈಬಣ್ಣ, ಮೈಮೇಲಿನ ಗಾಯದ ಕಲೆ, ಹಚ್ಚೆ, ಅಪರಾಧ, ಶಿಕ್ಷೆ ಇವೆಲ್ಲ ಕೈದಿಯ ದಾಖಲೆಯಲ್ಲಿ ಬರುವ ಸಂಗತಿಗಳು. ಬಂಗಾಳ, ಮದ್ರಾಸು ಪ್ರಾಂತಗಳಲ್ಲಿ ಕೈದಿಯ ಹಣೆಯ ಮೇಲೆಯೇ ಅಪರಾಧವನ್ನು ಹಚ್ಚೆಯಾಗಿ ಹೊಯ್ಯುವ ಅಮಾನುಷ ಪದ್ಧತಿಯೂ ಇತ್ತು. 1849ರಲ್ಲಿ ಅದು ರದ್ದಾಯಿತು. ಅಂಡಮಾನಿನಲ್ಲಿ ಕೈದಿಯ ಕೊರಳಿಗೆ ಮರದ ಬಿಲ್ಲೆಯೊಂದನ್ನು ಕಟ್ಟುತ್ತಿದ್ದರು. ಅದರ ಮೇಲೆ ಅವನ ಸಂಖ್ಯೆ, ಶಿಕ್ಷೆಯ ದಿನ, ಬಿಡುಗಡೆಯ ದಿನ ಕೊರೆದಿರುತ್ತಿದ್ದುವು. ಇದು ಸರಕಾರದ ಪುಸ್ತಕ.

ನಮ್ಮ ಉತ್ತರ ಕರ್ನಾಟಕದಲ್ಲಿ ಇನ್ನೊಂದು ಪುಸ್ತಕವಿದೆ. ಅದು ಹೆಳವರ ಪುಸ್ತಕ. ಎತ್ತಿನ ಮೇಲೆ ಕುಳಿತು ಊರೂರಿಗೆ ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷ ಯಾರು, ಯಾವ ಊರಿನಿಂದ ಬಂದವರು, ಬೆಡಗು ಯಾವುದು, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಎಂಬುದನ್ನು ರಾಗವಾಗಿ ಹೇಳಿ, ಕಾಳುಕಡಿ ಕಾಣಿಕೆ ಪಡೆದು ಹೋಗುವ ಹೆಳವನನ್ನು ನಮ್ಮ ಹಿರಿಯರೆಲ್ಲ ಕಂಡವರೇ. ಅವನ ಹಳೆಯ ಹೊತ್ತಗೆಗಳಲ್ಲಿ ತಲೆಮಾರುಗಳ ಹೆಸರು ಸಾಲುಗಟ್ಟಿ ನಿಂತಿವೆ. ಬಡವನಿಗೂ ವಂಶಾವಳಿ ಉಂಟು ಎಂದು ತೋರಿಸಿಕೊಟ್ಟ ಜನ ಹೆಳವರು.

ಒಂದು ಪುಸ್ತಕವನ್ನು ಬರೆದದ್ದು ಬೇಡಿ ತೊಡಿಸಲು. ಇನ್ನೊಂದನ್ನು ಬರೆದದ್ದು ಬಳ್ಳಿಯನ್ನು ಉಳಿಸಲು. ಸರಕಾರದ ಪುಸ್ತಕದಲ್ಲಿ ಹುಡುಗನು ಇದ್ದಾನೆ, ಅವನ ಹಿಂದುಮುಂದಿಲ್ಲ. ಹೆಳವನ ಪುಸ್ತಕದಲ್ಲಿ ಅವನ ಅಜ್ಜ ಅಪ್ಪ ಅಣ್ಣ ಎಲ್ಲರೂ ಇದ್ದಾರೆ. ಮನೆಯವರು ಅವನ ಹೆಸರನ್ನು ಹೇಳದೆಹೋದಲ್ಲಿ ಅವನು ಮಾತ್ರ ಅಲ್ಲಿಲ್ಲ. ಈ ಎರಡನ್ನೂ ಜೊತೆಗಿಟ್ಟು ಓದಿದಾಗ, ಒಂದರಲ್ಲಿ ಒಂಟಿಯಾಗಿ ನಿಂತವನು ಇನ್ನೊಂದರಲ್ಲಿ ತೆರವಾಗಿರುವ ಸ್ಥಾನಕ್ಕೆ ಬಂದು ಕುಳಿತುಕೊಳ್ಳುತ್ತಾನೆ. ಪೂರ್ವಜನನ್ನು ಹುಡುಕುವುದೆಂದರೆ ಮೂಲತಃ ಇಷ್ಟೇ.

ಹೆಳವನು ಹುಡುಕಿಕೊಂಡು ಬರುವುದು ಊರಿನ ಮನೆಗೆ. ವಾಸ್ಕೋದ ಗುಡ್ಡದ ಮೇಲಿನ ಒಂದು ಕೋಣೆಯ ಮನೆಗೆ ಎತ್ತು ಹತ್ತಿ ಬರುವವರಾರು? ಊರಿನ ಮನೆಗೆ ಬೀಗ ಬಿದ್ದರೆ ನಮ್ಮ ಸಾಲು ಅಲ್ಲಿಗೇ ನಿಲ್ಲುತ್ತದೆ. ನೂರೈವತ್ತು ವರ್ಷಗಳ ಹಿಂದೆ ಅಂಡಮಾನಿನಲ್ಲಿ ಇಳಿದ ಹುಡುಗನಿಗೆ ಆದದ್ದೂ ಇದೇ. ಸನ್ನಡತೆಯ ಕೆಲವು ವರ್ಷಗಳ ಬಳಿಕ ಅಲ್ಲಿನ ಕೈದಿಗೆ ತುಂಡು ನೆಲವೂ, ಮದುವೆಯಾಗಲು ಅಪ್ಪಣೆಯೂ ದೊರೆಯುತ್ತಿತ್ತು. ಬೇರೆ ಬೇರೆ ಪ್ರಾಂತ, ಬೇರೆ ಬೇರೆ ಜಾತಿಯ ಕೈದಿ ಗಂಡುಹೆಣ್ಣುಗಳು ಕೂಡಿ ಬಾಳಿದರು. ‘ಲೋಕಲ್ ಬಾರ್ನ್’ ಎಂದು ಅಲ್ಲಿ ಕರೆಯಲ್ಪಡುವ ಅವರ ಸಂತತಿಯವರ ಮನೆಮಾತು ಹಿಂದುಸ್ತಾನಿಯಾಯಿತು. ಇಂದು ಪೋರ್ಟ್ ಬ್ಲೇರಿನಲ್ಲಿ, ಈಗಿನ ಹೆಸರು ಶ್ರೀವಿಜಯಪುರಂನಲ್ಲಿ, ಯಾವುದೋ ಮನೆಯ ಮಗುವೂ ತನ್ನ ಅಜ್ಜನ ಅಜ್ಜನ ಊರು ಯಾವುದೆಂದು ಕೇಳುತ್ತಿರಬಹುದು. ಅಲ್ಲಿಯ ಮಗುವಿಗೆ ಊರು ಬೇಕು. ಇಲ್ಲಿಯ ಮಗುವಿಗೆ ಹೆಸರು ಬೇಕು.

ಹುಡುಕುವ ದಾರಿ

ಈ ಕೆಲಸಕ್ಕೆ ಕೈಹಾಕಬಯಸುವ ಸಂಸಾರಗಳಿಗೆ ನಾಲ್ಕು ಮಾತು.

ಮೊದಲನೆಯದಾಗಿ, ಹಿರಿಯರ ಬಾಯಿಂದ ಬಂದುದನ್ನು ಬಂದ ಹಾಗೆಯೇ ಬರೆದುಕೊಳ್ಳಿರಿ. “ದೊಡ್ಡ ಬರದ ಮುಂದಿನ ವರ್ಷ ಹೋದ” ಎಂದು ಅಜ್ಜಿ ಹೇಳಿದರೆ ಅದನ್ನು ಹಾಗೆಯೇ ಇಡಿರಿ. 1876ರಿಂದ 1878ರವರೆಗಿನ ಭೀಕರ ಬರ ನಮ್ಮ ಸೀಮೆಯನ್ನು ಸುಟ್ಟುದು ಚರಿತ್ರೆಗೆ ತಿಳಿದಿದೆ. ಆ ಒಂದು ಮಾತಿನಿಂದ ಕಾಲ ಗೊತ್ತಾದೀತು. “ದ್ವೀಪಕ್ಕೆ ಹೋದ” ಎಂದ ಮಾತ್ರಕ್ಕೆ ಕೈದಿಯೇ ಎಂದು ತಿಳಿಯಬಾರದು. 1834ರಿಂದ ಕರಾರಿನ ಮೇಲೆ ಕಬ್ಬಿನ ತೋಟಕ್ಕೆಂದು ಮಾರಿಷಸ್ಸಿಗೆ ಹೋದ ಕೂಲಿಗಳು ಲಕ್ಷಾಂತರ. ಅವರ ದಾಖಲೆಗಳು ಅಲ್ಲಿನ ಮಹಾತ್ಮಾ ಗಾಂಧಿ ಸಂಸ್ಥೆಯಲ್ಲಿವೆ. ಕೈದಿಯೋ ಕೂಲಿಯೋ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು.

ಎರಡನೆಯದಾಗಿ, ಆ ಕಾಲಕ್ಕೆ ನಿಮ್ಮ ಊರು ಯಾರ ಆಳ್ವಿಕೆಯಲ್ಲಿತ್ತೆಂಬುದನ್ನು ತಿಳಿಯಿರಿ. ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳು ಮುಂಬಯಿ ಪ್ರಾಂತದವು. ಕಲಾದಗಿ ಜಿಲ್ಲೆಯ ಕೇಂದ್ರ 1885ರಲ್ಲಿ ವಿಜಾಪುರಕ್ಕೆ ಹೋಯಿತು. ಕಾರವಾರದ ಸೀಮೆ 1862ರವರೆಗೆ ಮದ್ರಾಸಿಗೆ, ಆ ಬಳಿಕ ಮುಂಬಯಿಗೆ ಸೇರಿತ್ತು. ಬಳ್ಳಾರಿ, ಮಂಗಳೂರು, ಕಾಸರಗೋಡುಗಳು ಮದ್ರಾಸಿನವು. ರಾಯಚೂರು, ಕೊಪ್ಪಳ, ಕಲಬುರ್ಗಿಗಳು ನಿಜಾಮರವು. ಮುಂಬಯಿ ಪ್ರಾಂತದ ನ್ಯಾಯಾಂಗ ಇಲಾಖೆಯ ಹಳೆಯ ಸಂಪುಟಗಳು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿಯೂ, ಮದ್ರಾಸಿನವು ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರದಲ್ಲಿಯೂ ದೊರೆಯುತ್ತವೆ. ಅಂಡಮಾನಿಗೆ ಸಂಬಂಧಿಸ��ದ ಗೃಹ ಇಲಾಖೆಯ ಕಡತಗಳು ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ‘ಅಭಿಲೇಖ ಪಟಲ’ ಎಂಬ ಅದರ ಅಂತರ್ಜಾಲ ಸೂಚಿಯಲ್ಲಿ ಮನೆಯಿಂದಲೇ ಹುಡುಕಬಹುದು. ಪೋರ್ಚುಗೀಸ್ ಗೋವೆಯ ಪ್ರಜೆಯಾಗಿ ಶಿಕ್ಷೆಗೊಳಗಾದವನಾದರೆ ಪಣಜಿಯ ಪತ್ರಾಗಾರವನ್ನು ನೋಡಬೇಕು. 1595ರಲ್ಲಿ ಚರಿತ್ರಕಾರ ದಿಯೋಗು ದು ಕೌತು ಎಂಬವನ ಉಸ್ತುವಾರಿಯಲ್ಲಿ ಆರಂಭವಾದ ಸಂಗ್ರಹ ಅದು. ನಮ್ಮ ವಾಸ್ಕೋದಿಂದ ಒಂದು ಬಸ್ಸಿನ ಹಾದಿ.

ಮೂರನೆಯದಾಗಿ, ಹೆಸರಿನ ವಿಷಯದಲ್ಲಿ ಉದಾರವಾಗಿರಿ. ಬರೆದುಕೊಂಡ ಗುಮಾಸ್ತನಿಗೆ ಕನ್ನಡ ಬಾರದಿದ್ದೀತು. ಬಸಪ್ಪನು ‘ಬುಸ್ಸಾಪಾ’ ಆಗಿರಬಹುದು. ಹುಬ್ಬಳ್ಳಿ ‘ಹೂಬ್ಲಿ’ಯಾಗಿ, ಧಾರವಾಡ ‘ಧಾರ್ವಾರ್’ ಆಗಿ ಕುಳಿತಿರಬಹುದು. ಹೆಸರೊಂದನ್ನೇ ನಂಬದೆ ತಂದೆಯ ಹೆಸರು, ಊರು, ವರ್ಷ ಇವು ಮೂರೂ ಕೂಡಿಬಂದಾಗ ಮಾತ್ರ “ಇವನು ನಮ್ಮವನು” ಎನ್ನಿರಿ. ಅವಸರದಲ್ಲಿ ಪರರ ಮಗನನ್ನು ಎತ್ತಿಕೊಂಡು ಬರುವುದೂ ಒಂದು ಬಗೆಯ ಕಳವೇ!

ನಾಲ್ಕನೆಯದಾಗಿ, ಸಿಕ್ಕದಿದ್ದರೆ ನೊಂದುಕೊಳ್ಳಬೇಡಿರಿ. ಎರಡನೆಯ ಮಹಾಯುದ್ಧದಲ್ಲಿ 1942ರಿಂದ 1945ರವರೆಗೆ ಅಂಡಮಾನ್ ಜಪಾನೀಯರ ವಶದಲ್ಲಿತ್ತು. ಅಲ್ಲಿದ್ದ ಹಳೆಯ ಕಾಗದಪತ್ರಗಳು ಆಗ ಬಹುಮಟ್ಟಿಗೆ ನಾಶವಾದುವು. ಸಿಕ್ಕಿದುದು ಸಣ್ಣ ಕಳವಲ್ಲ, ಅದಕ್ಕಿಂತ ಘೋರವಾದುದು ಎಂದು ಕಂಡುಬಂದರೂ ಎದೆಗುಂದಬೇಡಿರಿ. ದಾಖಲೆಯನ್ನು ತೆರೆಯುವ ಮುನ್ನವೇ ಮನಸ್ಸನ್ನು ಅದಕ್ಕೆ ಸಿದ್ಧಪಡಿಸಿಕೊಂಡಿರಬೇಕು.

ಹೆಸರನ್ನು ಬರೆಯೋಣ

ಸ್ವತಂತ್ರ ಭಾರತವು ದ್ವೀಪಾಂತರ ಶಿಕ್ಷೆಯನ್ನು ಕಾನೂನಿನಿಂದ ತೆಗೆದುಹಾಕಿತು; 1956ರ ಜನವರಿ 1ರಿಂದ ಅದರ ಸ್ಥಾನದಲ್ಲಿ ಜೀವಾವಧಿ ಸೆರೆವಾಸ ಬಂದಿತು. 2015ರ ಬಾಲನ್ಯಾಯ ಕಾಯಿದೆಯು ಇನ್ನೂ ಮುಂದೆ ಹೋಗಿದೆ. ತಪ್ಪುಮಾಡಿದ ಮಗುವಿನ ಹೆಸರನ್ನು ಪತ್ರಿಕೆಗಳು ಪ್ರಕಟಿಸಕೂಡದು. ಘೋರ ಅಪರಾಧದ ಕೆಲವು ಪ್ರಕರಣಗಳ ಹೊರತು, ಮೇಲ್ಮನವಿಯ ಅವಧಿ ಮುಗಿದೊಡನೆ ಆ ದಾಖಲೆಯನ್ನೇ ನಾಶಪಡಿಸಬೇಕು. ಹುಡುಗತನದ ತಪ್ಪೊಂದು ಬಾಳಿನುದ್ದಕ್ಕೂ ಬೆನ್ನುಹತ್ತಬಾರದೆಂಬುದು ಇಂದಿನ ಧರ್ಮ. ಅಂದಿನ ಮಕ್ಕಳಿಗೆ ಆ ಕರುಣೆ ದೊರೆಯಲಿಲ್ಲ. ಅವರ ತಪ್ಪನ್ನು ಪುಸ್ತಕದಲ್ಲಿ ಬರೆದರು, ಕೊರಳಿಗೆ ಕಟ್ಟಿದರು, ಹಣೆಗೂ ಹೊಯ್ದರು. ಇಂದು ಜೀವಂತವಿರುವ ಮಗುವಿನ ಹೆಸರನ್ನು ಮರೆಮಾಡುವುದು ಕರುಣೆಯಾದರೆ, ಎಂದೋ ಮಣ್ಣಾದ ಮಗುವಿನ ಹೆಸರನ್ನು ಮರಳಿ ಬರೆಯುವುದೂ ಕರುಣೆಯೇ. ಎರಡರಲ್ಲಿಯೂ ಉದ್ದೇಶ ಒಂದೇ: ಮಗು ಮನೆಗೆ ಮರಳಬೇಕು.

ಅವನನ್ನು ವೀರನನ್ನಾಗಿ ಮಾಡಬೇಕಾಗಿಲ್ಲ. ಬಟ್ಟೆ ಕಳೆದುಕೊಂಡು ಅತ್ತ ಎಂಟು ವರ್ಷದ ಆ ಲಂಡನ್ನಿನ ಮಗುವನ್ನೂ ಮರೆಯಬಾರದು. ಕದ್ದದ್ದು ಕದ್ದದ್ದೇ. ಆದರೆ ಮಾಡಿದ ತಪ್ಪಿಗೂ ಪಟ್ಟ ಪಾಡಿಗೂ ಇರುವ ಅಂತರವನ್ನು ಕಂಡವರು ಆ ಹುಡುಗನ ಹೆಸರನ್ನು ನುಂಗಿಕೊಳ್ಳಲಾರರು.

ಮುರ್ಮುಗೋವೆಯ ಬಂದರಿನಲ್ಲಿ ದುಡಿದು ಮನೆ ಕಟ್ಟಿದ ನಮ್ಮ ಹಿರಿಯರು ಬೈನಾದ ದಂಡೆಯಲ್ಲಿ ನಿಂತು ಹಡಗುಗಳನ್ನು ನೋಡಿದ್ದಾರೆ. ಹೊಟ್ಟೆಪಾಡಿಗೆ ಅವರು ಸಮುದ್ರದ ಅಂಚಿನವರೆಗೆ ಬಂದರು. ಆ ಹುಡುಗನನ್ನು ಅದೇ ಬಡತನ ಸಮುದ್ರದ ಆಚೆಗೇ ಒಯ್ದಿತು. ಈ ಬಾರಿ ಜಾತ್ರೆಗೆಂದು ಊರಿಗೆ ಹೋದಾಗ ಹೆಳವರನ್ನು ವಿಚಾರಿಸಿ ನಿಮ್ಮ ಮನೆತನದ ಸಾಲನ್ನು ಓದಿಸಿರಿ. ಇಲ್ಲಿ ಹುಟ್ಟಿದ ನಿಮ್ಮ ಮಕ್ಕಳ ಹೆಸರುಗಳನ್ನು ಅದರಲ್ಲಿ ಬರೆಯಿಸಿರಿ. ಅಜ್ಜಿ ತಡವರಿಸಿ ನಿಲ್ಲಿಸಿದ ಆ ಐದನೆಯ ಹೆಸರನ್ನು, ಆಕೆ ಇರುವಾಗಲೇ ಕೇಳಿ ತಿಳಿದು, ಅಣ್ಣತಮ್ಮಂದಿರ ಸಾಲಿನಲ್ಲಿ ಅವನಿಗೆ ಸಲ್ಲಬೇಕಾದ ಸ್ಥಾನದಲ್ಲಿಯೇ ಸೇರಿಸಿರಿ.